ಎರಡು ಚಾನೆಲ್‌ನ ಡಿಸ್ಟಾರ್ಷನ್ ಪೆಡಲ್: ಸೋಲೋ ಹೊತ್ತಿಗೆ ಯಾವುದು ಕೈಹಿಡಿಯುತ್ತದೆ?

ಡಿಸ್ಟಾರ್ಷನ್ ಪೆಡಲ್ ಎಂದರೆ ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ. ಎರಡು ಚಾನೆಲ್ ಎಂದರೆ ಅಂಥ ಎರಡು ಸರ್ಕ್ಯೂಟ್ ಒಂದೇ ಡಬ್ಬಿಯಲ್ಲಿ. ಇಂಥ ಪೆಡಲ್ ಕೊಳ್ಳಲು ಹೋದವರು ಎರಡನ್ನೂ ಬೇರೆಬೇರೆಯಾಗಿ ನುಡಿಸಿ ನೋಡುತ್ತಾರೆ, ಸದ್ದು ಹಿಡಿಸಿದರೆ ಮನೆಗೆ ತರುತ್ತಾರೆ. ಎರಡೂ ಒಟ್ಟಿಗೆ ಆನ್ ಆದಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಡ್ರಮ್ಸ್, ಬೇಸ್ ಜೊತೆ ಸೋಲೋ ಎದ್ದು ಕೇಳಿಸುತ್ತದೋ ಮುಳುಗುತ್ತದೋ ಎಂಬುದು ಆ ಕ್ರಮದ ಮೇಲೆಯೇ ನಿಂತಿದೆ.

ಇಲ್ಲಿ ಹೋಲಿಸಿರುವುದು ಮೂರು ದಾರಿಗಳನ್ನು. ಒಂದು, ಬಾಸ್ ಕಂಪನಿಯ ಜೆಬಿ-2 ಆಂಗ್ರಿ ಡ್ರೈವರ್. ಎರಡು, ವಿಷುವಲ್ ಸೌಂಡ್, ಅಂದರೆ ಈಗಿನ ಟ್ರೂಟೋನ್, ತಯಾರಿಸಿದ ಜೆಕಿಲ್ ಅಂಡ್ ಹೈಡ್. ಮೂರು, ಜೋಡಿ ಪೆಡಲ್ ಬಿಟ್ಟು ಎರಡು ಬಿಡಿ ಪೆಡಲ್: ಬಾಸ್ ಎಸ್‌ಡಿ-1 ಮತ್ತು ಪ್ರೊಕೊ ರ‍್ಯಾಟ್. ಎಲ್ಲಕ್ಕೂ ಒಂದೇ ಆಂಪ್‌ನ ಕ್ಲೀನ್, ಅಂದರೆ ಸದ್ದು ಒರಟಾಗದ, ಚಾನೆಲ್. ಬೇಸ್, ಮಿಡ್, ಟ್ರೆಬಲ್ ಮೂರೂ ಅರ್ಧಕ್ಕೆ. ತಂತಿಯ ಕಂಪನ ಹಿಡಿಯುವ ಪಿಕಪ್ ಒಂದೇ ಸುರುಳಿಯದಾದ ಸಿಂಗಲ್ ಕಾಯಿಲ್ ಗಿಟಾರ್ ಒಂದು, ಜೋಡಿ ಸುರುಳಿಯ ಹಂಬಕರ್ ಇರುವುದು ಒಂದು. ಪ್ರತಿ ಚಾನೆಲ್‌ನ ಲೆವೆಲ್ ಅನ್ನು ಮೊದಲು ಪೆಡಲ್ ಆಫ್ ಇದ್ದಾಗಿನ ಸದ್ದಿಗೆ ಸಮ ಮಾಡಿಕೊಂಡೇ ಹೋಲಿಸಬೇಕು. ಸ್ವಲ್ಪ ಜೋರಾಗಿರುವುದೇ ಕಿವಿಗೆ ಚೆಂದ ಕೇಳುತ್ತದೆ. ಈ ಹೆಜ್ಜೆ ಬಿಟ್ಟರೆ ನೀವು ಆರಿಸುವುದು ಟೋನ್ ಅಲ್ಲ, ವಾಲ್ಯೂಮ್.

ಜೆಬಿ-2 ಬಂದದ್ದು 2017ರಲ್ಲಿ. ಬಾಸ್‌ನ ಬ್ಲೂಸ್ ಡ್ರೈವರ್ ಮತ್ತು ಜೆಎಚ್‌ಎಸ್‌ನ ಆಂಗ್ರಿ ಚಾರ್ಲಿ, ಎರಡನ್ನೂ ಮಾಮೂಲಿ ಬಾಸ್ ಪೆಡಲ್ ಅಳತೆಯ ಡಬ್ಬಿಯಲ್ಲಿ ಕೂರಿಸಿದ್ದಾರೆ. ಬ್ಲೂಸ್ ಡ್ರೈವರ್ ಬೆರಳಿನ ಒತ್ತಡಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ, ಆಂಗ್ರಿ ಚಾರ್ಲಿ ಮಾರ್ಷಲ್ ಜೆಸಿಎಂ 800 ಆಂಪ್‌ನ ಜಾತಿಯ ಗಡಸು ಸದ್ದು. ಮೋಡ್ ನಾಬ್‌ನಲ್ಲಿ ಆರು ಸ್ಥಾನ: ಬಿ (ಬ್ಲೂಸ್ ಡ್ರೈವರ್) ಮಾತ್ರ, ಜೆ (ಆಂಗ್ರಿ ಚಾರ್ಲಿ) ಮಾತ್ರ, ಕಾಲಿನಿಂದ ಒತ್ತಿದಾಗ ಬಿ–ಜೆ ಅದಲುಬದಲು, ಬಿ ಆದಮೇಲೆ ಜೆ, ಜೆ ಆದಮೇಲೆ ಬಿ, ಮತ್ತು ಎರಡೂ ಸಮಾನಾಂತರ.

ಇದರ ನಿಜವಾದ ಬೆಲೆ ಇರುವುದು ಕೊನೆಯ ಮೂರು ಸ್ಥಾನಗಳಲ್ಲಿ. ಬಿ ಮೊದಲು, ಜೆ ಆಮೇಲೆ ಇಡಿ. ಬಿ ಡ್ರೈವ್, ಅಂದರೆ ಒರಟುತನದ ನಾಬ್, ಗಡಿಯಾರದ ಒಂಬತ್ತು ಗಂಟೆಗೆ, ಲೆವೆಲ್ ಎರಡಕ್ಕೆ. ಜೆ ಡ್ರೈವ್ ಹನ್ನೊಂದಕ್ಕೆ. ಜೆ ಮಾತ್ರ ಇರುವ ಸ್ಥಾನದಿಂದ ಇಲ್ಲಿಗೆ ಬಂದರೆ ಸದ್ದು ದಪ್ಪವಾಗುತ್ತದೆ, ಸ್ವರ ಉದ್ದಕ್ಕೆ ನಿಲ್ಲುತ್ತದೆ, ಆದರೆ ವಾಲ್ಯೂಮ್ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಕಾರಣ ಸರಳ. ಜೆ ಆಗಲೇ ಅಲೆಯ ತಲೆ ಕತ್ತರಿಸುತ್ತಿದೆ, ಹಿಂದಿನಿಂದ ಎಷ್ಟು ತಳ್ಳಿದರೂ ಇನ್ನಷ್ಟು ಕತ್ತರಿಸುತ್ತದೆಯೇ ಹೊರತು ಎತ್ತರಕ್ಕೆ ಬಿಡುವುದಿಲ್ಲ. ಈಗ ಕ್ರಮ ತಿರುಗಿಸಿ: ಜೆ ಮೊದಲು, ಬಿ ಆಮೇಲೆ, ಬಿ ಡ್ರೈವ್ ಪೂರ್ತಿ ಕೆಳಕ್ಕೆ, ಲೆವೆಲ್ ಒಂದಕ್ಕೆ. ಸದ್ದಿನ ಗುಣ ಬಹುತೇಕ ಹಾಗೇ ಉಳಿದು ವಾಲ್ಯೂಮ್ ಏರುತ್ತದೆ. ಬ್ಯಾಂಡಿನಲ್ಲಿ ಸೋಲೋಗೆ ಬೇಕಾದದ್ದು ಇದು. ಜೆ ಲೆವೆಲ್ ಅನ್ನು ಹನ್ನೆರಡರ ಕೆಳಗೇ ಇಡಿ. ಮೇಲೇರಿಸಿದರೆ ಬಿ ಕೂಡ ಕತ್ತರಿಸತೊಡಗಿ ಮತ್ತೆ ಮೊದಲಿನ ಕಥೆಯೇ ಆಗುತ್ತದೆ.

ಸಮಾನಾಂತರ ಸ್ಥಾನ ಓಪನ್ ಕಾರ್ಡ್‌ಗಳಿಗೆ ಬಹಳ ಚೆನ್ನ. ಬಿ ಕಡಿಮೆ ಡ್ರೈವ್‌ನಲ್ಲಿ ಪಿಕ್ ತಾಗಿದ ಅಂಚನ್ನು ಉಳಿಸುತ್ತದೆ, ಜೆ ಕೆಳಗಿನಿಂದ ದಪ್ಪ ತುಂಬುತ್ತದೆ, ಆರೂ ತಂತಿ ಬಿಡಿಬಿಡಿಯಾಗಿ ಕೇಳಿಸುತ್ತವೆ. ಇದನ್ನೇ ಬಿಡಿ ಪೆಡಲ್‌ಗಳಲ್ಲಿ ಮಾಡಹೊರಟರೆ ಸಿಗ್ನಲ್ ಒಡೆಯುವ, ಮತ್ತೆ ಬೆರೆಸುವ ಪೆಟ್ಟಿಗೆ ಬೇಕು. ಎರಡರಲ್ಲಿ ಒಂದು ಪೆಡಲ್ ಸಿಗ್ನಲ್ಲನ್ನು ತಲೆಕೆಳಗು ಮಾಡುವಂಥದ್ದಾದರೆ ಬೇಸ್ ಮಾಯವಾಗಿ ಸದ್ದು ಟೊಳ್ಳಾಗುತ್ತದೆ. ಹಾಗಾಗಿ ಆ ಪೆಟ್ಟಿಗೆಯಲ್ಲಿ ಫೇಸ್ ತಿರುಗಿಸುವ, ಅಂದರೆ ತಲೆಕೆಳಗಾದ ಅಲೆಯನ್ನು ಮತ್ತೆ ನೇರ ಮಾಡುವ, ಸ್ವಿಚ್ ಇರಲೇಬೇಕು.

ಜೆಬಿ-2ರ ತೊಡಕು ಕಾಲಿನದು. ಫುಟ್‌ಸ್ವಿಚ್ ಒಂದೇ. ಅದಲುಬದಲು ಸ್ಥಾನದಲ್ಲಿಟ್ಟರೆ ಒತ್ತಿದಾಗಲೆಲ್ಲ ಬಿ ಅಥವಾ ಜೆ ಬರುತ್ತದೆ, ಕ್ಲೀನ್‌ಗೆ ಮರಳುವ ದಾರಿ ಕಾಲಿಗೆ ಸಿಗುವುದಿಲ್ಲ. ರಿಮೋಟ್ ಜ್ಯಾಕ್‌ಗೆ ಹೊರಗಿನ ಫುಟ್‌ಸ್ವಿಚ್ ಹಾಕಿಕೊಳ್ಳಬೇಕು. ಆಗ ಪೆಡಲ್‌ಗಳನ್ನು ಜೋಡಿಸುವ ಬೋರ್ಡ್‌ನಲ್ಲಿ ಉಳಿಸಿದ ಜಾಗ ಮತ್ತೆ ಹೋಯಿತು. ನಾಬ್‌ಗಳು ಒಂದರೊಳಗೊಂದು ಕೂತಿರುವಂಥವು. ಮಬ್ಬು ಬೆಳಕಿನ ವೇದಿಕೆಯಲ್ಲಿ ಒಳಗಿನದನ್ನು ತಿರುಗಿಸಹೋದರೆ ಹೊರಬಳೆಯೂ ಬೆರಳಿಗೆ ತಾಗಿ ಜರುಗುತ್ತದೆ. ಸರಿಯಾದ ಸ್ಥಾನ ಸಿಕ್ಕ ಮೇಲೆ ಪೇಂಟ್ ಮಾರ್ಕರ್‌ನಿಂದ ಒಂದೊಂದು ಚುಕ್ಕೆ ಇಟ್ಟುಬಿಡಿ.

ಜೆಕಿಲ್ ಅಂಡ್ ಹೈಡ್‌ನಲ್ಲಿ ಆ ತೊಡಕಿಲ್ಲ. ಎರಡು ಫುಟ್‌ಸ್ವಿಚ್, ಎರಡೂ ಸ್ವತಂತ್ರ. ಕ್ಲೀನ್, ಕ್ರಂಚ್, ಡಿಸ್ಟಾರ್ಷನ್, ಎರಡೂ ಸೇರಿದ್ದು: ನಾಲ್ಕು ಸದ್ದು ಕಾಲಿನಲ್ಲೇ ಸಿಗುತ್ತದೆ. ಜೆಕಿಲ್ ಟ್ಯೂಬ್ ಸ್ಕ್ರೀಮರ್ ಎಂಬ ಹೆಸರಾಂತ ಪೆಡಲ್‌ನ ಬಳಗದ ಓವರ್‌ಡ್ರೈವ್, ಅಂದರೆ ಮೆತ್ತನೆಯ ಡಿಸ್ಟಾರ್ಷನ್. ಆ ಸರ್ಕ್ಯೂಟ್‌ನಲ್ಲಿ 4.7 ಕಿಲೋ ಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಕಡಿಮೆ ಮಾಡುತ್ತವೆ. ಇದು ಹೈಡ್‌ನ ಮುಂದೆ ಕೂತಾಗ ಕೆಳತಂತಿಗಳ ಗದ್ದಲ ಒಳಹೋಗುವ ಮೊದಲೇ ಸೋಸಿಹೋಗುತ್ತದೆ. ಹಂಬಕರ್ ಗಿಟಾರ್‌ನಲ್ಲಿ ಪಾಮ್ ಮ್ಯೂಟ್ (ಅಂಗೈ ಅಂಚನ್ನು ತಂತಿಗೆ ತಾಗಿಸಿ ನುಡಿಸುವುದು) ಬಿಗಿಯಾಗಿ ಬರುತ್ತದೆ. ಜೆಕಿಲ್ ಡ್ರೈವ್ ಎಂಟಕ್ಕೆ, ವಾಲ್ಯೂಮ್ ಮೂರಕ್ಕೆ, ಹೈಡ್ ಡ್ರೈವ್ ಹತ್ತಕ್ಕೆ ಇಟ್ಟು ಶುರು ಮಾಡಿ. ಹೈಡ್‌ನ ಶಾರ್ಪ್–ಬ್ಲಂಟ್ ಸ್ವಿಚ್ ಸಿಂಗಲ್ ಕಾಯಿಲ್‌ಗೆ ಬ್ಲಂಟ್ ಕಡೆಗಿರಲಿ. ಹೈಡ್‌ನಲ್ಲಿ ಮಿಡ್ ನಾಬ್ ಇರುವ ಆವೃತ್ತಿಯನ್ನೇ ಹುಡುಕಿ. ಮನೆಯಲ್ಲಿ ಸಣ್ಣಗೆ ನುಡಿಸುವಾಗ ಮಿಡ್ ಇಳಿಸಿದ ಸದ್ದು ದೊಡ್ಡದಾಗಿ ಕೇಳುತ್ತದೆ, ಬ್ಯಾಂಡಿನಲ್ಲಿ ಅದೇ ಸದ್ದು ಸಿಂಬಲ್ ಮತ್ತು ಬೇಸ್ ನಡುವೆ ಕಳೆದುಹೋಗುತ್ತದೆ.

ಆದರೆ ಜೆಕಿಲ್ ಮೊದಲು, ಹೈಡ್ ಆಮೇಲೆ ಇದ್ದಾಗ ಒಂದು ಮಿತಿ ಇದೆ. ಎರಡೂ ಆನ್ ಮಾಡಿದರೆ ಸಿಗುವುದು ದಪ್ಪ, ಏರು ವಾಲ್ಯೂಮ್ ಅಲ್ಲ. ಸೋಲೋಗೆ ವಾಲ್ಯೂಮ್ ಮಾತ್ರ ಏರಿಸುವ ಒಂದು ಬೂಸ್ಟ್ ಪೆಡಲ್ ಅನ್ನು ಇದರ ಆಚೆ ಇಡಬೇಕು, ಅಥವಾ ಆಂಪ್‌ನ ಹಿಂಬದಿಯಲ್ಲಿ ಪೆಡಲ್ ಸೇರಿಸಲು ಇರುವ ಎಫೆಕ್ಟ್ಸ್ ಲೂಪ್‌ನಲ್ಲಿ.

ಬಿಡಿ ಜೋಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಯಾಕೆಂದರೆ ಅದು ತುಂಬಾ ನೇರ. ಎಸ್‌ಡಿ-1 ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಫೀಡ್‌ಬ್ಯಾಕ್ ದಾರಿಯಲ್ಲಿ ಮೂರು ಡಯೋಡ್‌ನಿಂದ, ಒಂದು ಬದಿಗೆ ಎರಡು, ಇನ್ನೊಂದಕ್ಕೆ ಒಂದರಂತೆ, ಮೆತ್ತಗೆ ಕತ್ತರಿಸುತ್ತದೆ. ರ‍್ಯಾಟ್ ಡಯೋಡ್‌ಗಳನ್ನು ನೆಲಕ್ಕೆ ಕಟ್ಟಿ ಗಟ್ಟಿಯಾಗಿ ಕತ್ತರಿಸುತ್ತದೆ. ರ‍್ಯಾಟ್‌ನ ಫಿಲ್ಟರ್ ನಾಬ್ ಉಳಿದ ಪೆಡಲ್‌ಗಳ ಟೋನ್‌ಗೆ ತಿರುಗುಮುರುಗು: ಬಲಕ್ಕೆ ತಿರುಗಿಸಿದಷ್ಟೂ ಸದ್ದು ಮಂದ. ಕ್ರಮ ಬದಲಿಸಲು ಪ್ಯಾಚ್ ಕೇಬಲ್ ಅದಲುಬದಲು ಮಾಡಿದರೆ ಸಾಕು, ಆದರೆ ಹಾಡಿನ ಮಧ್ಯೆ ಆಗದು. ಒಂದು ಕೆಟ್ಟರೆ ಇನ್ನೊಂದರಲ್ಲಿ ಕಾರ್ಯಕ್ರಮ ಮುಗಿಸಬಹುದು. ಇದು ಸಣ್ಣ ಅನುಕೂಲವಲ್ಲ.

ಮೂರು ದಾರಿಗೂ ಸಮಾನವಾದ ತೊಂದರೆ ಗದ್ದಲ. ಎರಡು ಗೇನ್ ಹಂತ ಸಾಲಾಗಿ ನಿಂತಾಗ ಮೊದಲನೆಯದರ ಸುಯ್‌ಗುಟ್ಟುವಿಕೆ ಎರಡನೆಯದರಲ್ಲಿ ಹಿಗ್ಗುತ್ತದೆ. ಸಿಂಗಲ್ ಕಾಯಿಲ್‌ಗಳು ಹಿಡಿಯುವ ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದೂ ಅಷ್ಟೇ. ಮೊದಲು ಎರಡನೆಯ ಹಂತದ ಡ್ರೈವ್ ಇಳಿಸಿ. ನುಡಿಸದಿರುವಾಗ ಸದ್ದು ಮುಚ್ಚುವ ನಾಯ್ಸ್ ಗೇಟ್ ಬೇಕೇ ಬೇಕೆಂದರೆ ಎರಡೂ ಹಂತದ ಆಚೆಗಿಡಿ. ಒಂದೇ ಅಡಾಪ್ಟರ್‌ನಿಂದ ಸರಪಳಿಯಾಗಿ ಡಿಜಿಟಲ್ ಡಿಲೇಗೂ (ಪ್ರತಿಧ್ವನಿಯ ಪೆಡಲ್) ಕರೆಂಟ್ ಕೊಟ್ಟಿದ್ದರೆ ಕೀಚಲು ಸದ್ದು ಬರಬಹುದು. ಡಿಲೇಯ ವೈರ್ ತೆಗೆದು ನೋಡಿ, ನಿಂತರೆ ಅದಕ್ಕೆ ಬೇರೆ ಔಟ್‌ಪುಟ್ ಕೊಡಿ. ಗುಂಯ್ ಸದ್ದು ನಿಲ್ಲಿಸಲೆಂದು ಆಂಪ್‌ನ ಪ್ಲಗ್‌ನ ಅರ್ತ್ ಪಿನ್ ಮಾತ್ರ ಎಂದೂ ತೆಗೆಯಬೇಡಿ. ಶಾಕ್ ಬರುವುದು ಗಿಟಾರ್ ತಂತಿಯ ಮೂಲಕವೇ.

ಆಯ್ಕೆ ಹೀಗೆ. ಬ್ಯಾಂಡಿನಲ್ಲಿ ಒಬ್ಬರೇ ಗಿಟಾರ್ ನುಡಿಸುವವರಾದರೆ ಜೆಕಿಲ್ ಅಂಡ್ ಹೈಡ್ ಜೊತೆ ಒಂದು ಬೂಸ್ಟ್. ರೆಕಾರ್ಡಿಂಗ್‌ಗೆ, ಸಣ್ಣ ಬೋರ್ಡ್‌ಗೆ ಜೆಬಿ-2. ಅದರ ಸಮಾನಾಂತರ ಸದ್ದು ಬೇರೆ ಪೆಟ್ಟಿಗೆಯಿಲ್ಲದೆ ಉಳಿದೆರಡರಲ್ಲಿ ಸಿಗದು. ಮೊದಲ ಸಲ ಕೊಳ್ಳುವವರಿಗೆ ಎಸ್‌ಡಿ-1 ಮತ್ತು ರ‍್ಯಾಟ್. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಪ್ರತಿ ನಾಬನ್ನೂ ತುದಿಯಿಂದ ತುದಿಗೆ ತಿರುಗಿಸಿ ಕರಕರ ಸದ್ದಿಗೆ ಕಿವಿಗೊಡಿ, ಫುಟ್‌ಸ್ವಿಚ್ಚನ್ನು ಇಪ್ಪತ್ತು ಸಲ ಒತ್ತಿ, ಇನ್‌ಪುಟ್ ಜ್ಯಾಕ್‌ನಲ್ಲಿ ಕೇಬಲ್ ಅಲ್ಲಾಡಿಸಿ. ನಾಬ್‌ನ ಕರಕರ ಹೆಚ್ಚಾಗಿ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗುತ್ತದೆ. ಜ್ಯಾಕ್ ಅಲ್ಲಾಡಿಸಿದಾಗ ಸದ್ದು ಕಡಿದರೆ ಬಿಚ್ಚಿ ಬೆಸುಗೆ ಹಾಕಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.