ಮನೆ ಬಾಗಿಲಿಗೆ ಬಂದು ಬಂಪರ್ ಸರಿಮಾಡಿಕೊಡುವವರಿಗೆ ಕಾರು ಮುಟ್ಟಲು ಬಿಡಬೇಡಿ

ಬೈಕಿನಲ್ಲಿ ಬಡಾವಣೆ ಸುತ್ತುತ್ತಾ, ಮನೆ ಮುಂದೆ ನಿಂತ ಕಾರಿನ ಬಂಪರ್ ಒಡೆದಿರುವುದನ್ನು ಕಂಡು ಗೇಟು ತಟ್ಟಿ, ‘ಇಲ್ಲೇ ನಿಮ್ಮ ಕಣ್ಣೆದುರಿಗೇ ರೆಡಿ ಮಾಡಿಕೊಡ್ತೀನಿ’ ಎನ್ನುವವರನ್ನು ದಯವಿಟ್ಟು ನಂಬಬೇಡಿ. ಮೈಸೂರಿನ ನಮ್ಮ ಬೀದಿಯಲ್ಲಿ, ಅಕ್ಕಪಕ್ಕದ ಮನೆಯವರೆಲ್ಲ ನಿಂತು ನೋಡುತ್ತಿದ್ದಾಗ ನನಗಾದ ಮೋಸವನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅದೇ ಮನುಷ್ಯ ಈಗ ಪಕ್ಕದ ಬಡಾವಣೆಯಲ್ಲಿ ಓಡಾಡುತ್ತಿದ್ದಾನೆಂದು ತಿಳಿದುಬಂದಿದೆ.

ಕಾರನ್ನು ಹಿಂದಕ್ಕೆ ತೆಗೆಯುವಾಗ ಗೇಟಿನ ಕಲ್ಲುಕಂಬ ತಾಗಿ ಹಿಂದಿನ ಬಂಪರಿನ ಎಡಮೂಲೆ ಒಳಕ್ಕೆ ಹೋಗಿತ್ತು, ಗೇಣುದ್ದದ ಒಂದು ಬಿರುಕೂ ಬಿಟ್ಟಿತ್ತು. ಸರ್ವಿಸ್ ಸೆಂಟರಿನವರು ಹೊಸ ಬಂಪರ್ ಹಾಕಿಸಿ ಎಂದರು. ನನ್ನ ವಿಮೆಯಲ್ಲಿ ಜೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಭಾಗಗಳ ಪೂರ್ತಿ ಬೆಲೆ ಕೊಡುವ ಸೌಲಭ್ಯ, ಇಲ್ಲ. ಅದಿಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇ. 50ರಷ್ಟನ್ನು ನಾವೇ ಕೊಡಬೇಕು, ಅದರ ಮೇಲೆ ಸಣ್ಣ ಕಾರಿಗೆ 1,000 ರೂಪಾಯಿಯ ಕಡ್ಡಾಯ ಕಡಿತ ಬೇರೆ, ಸಾಲದ್ದಕ್ಕೆ ಕ್ಲೇಮ್ ಮಾಡದಿದ್ದುದಕ್ಕೆ ಇಷ್ಟು ವರ್ಷ ಕೂಡಿಬಂದ ಪ್ರೀಮಿಯಂ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ. ಇಷ್ಟು ಸಣ್ಣ ಬಿರುಕಿಗೆ ಕ್ಲೇಮ್ ಮಾಡುವುದು ಯಾವ ಲೆಕ್ಕದಲ್ಲೂ ಸರಿಹೋಗದೆಂದು ಯೋಚಿಸುತ್ತಿದ್ದಾಗಲೇ ಆತ ಬಂದ.

‘ಪ್ಲಾಸ್ಟಿಕ್ ವೆಲ್ಡಿಂಗ್ ಮಾಡ್ತೀನಿ ಸಾರ್, ಪುಟ್ಟಿ ಹಾಕಿ ಕಂಪನಿ ಕಲರ್ ಹೊಡೀತೀನಿ, 1,800 ಕೊಡಿ’ ಎಂದ. ಎಲ್ಲ ಸೇರಿಯೇ ಎಂದು ನಾನು ಬಿಡಿಸಿ ಕೇಳಿದೆ. ‘ಎಲ್ಲಾ ಸೇರಿ ಸಾರ್, ಒಂದು ರೂಪಾಯಿ ಜಾಸ್ತಿ ಬೇಡ’ ಎಂದ. ಈ ಮಾತನ್ನು ನಮ್ಮ ಮನೆಯವರೂ ಕೇಳಿಸಿಕೊಂಡಿದ್ದಾರೆ, ಎದುರು ಮನೆಯವರೂ ಕೇಳಿಸಿಕೊಂಡಿದ್ದಾರೆ.

ಮೊದಲು ನಮ್ಮಿಂದಲೇ ಕುದಿಯುವ ನೀರು ತರಿಸಿ ತಗ್ಗಿದ ಜಾಗದ ಮೇಲೆ ಸುರಿದು, ಕೆಳಗಿನಿಂದ ಕೈಹಾಕಿ ಒತ್ತಿ ತಗ್ಗನ್ನು ಹೊರಕ್ಕೆ ತಂದ. ಅದೊಂದನ್ನು ಸರಿಯಾಗಿಯೇ ಮಾಡಿದ, ಮತ್ತು ಅದನ್ನು ಕಂಡೇ ನಮಗೆಲ್ಲ ನಂಬಿಕೆ ಹುಟ್ಟಿದ್ದು. ಆಮೇಲೆ ಉಪ್ಪು ಕಾಗದ ತೆಗೆದು ಉಜ್ಜಲು ಶುರುಮಾಡಿದ. ಬಿರುಕು ಇದ್ದದ್ದು ಗೇಣುದ್ದ, ಅವನು ಉಜ್ಜಿದ್ದು ನಂಬರ್ ಪ್ಲೇಟಿನವರೆಗೆ. ಇಷ್ಟೇಕೆ ಎಂದರೆ ‘ಕಲರ್ ಕೂಡ್ಬೇಕಲ್ಲ ಸಾರ್’ ಎಂಬ ಉತ್ತರ. ಅರ್ಧ ಬಂಪರಿನ ಬಣ್ಣ ಹೋಗಿ ಒಳಗಿನ ಕಪ್ಪು ಪ್ಲಾಸ್ಟಿಕ್ ಕಾಣುವವರೆಗೂ ಹಣದ ಮಾತೆತ್ತಲಿಲ್ಲ. ಕಂಡ ಮೇಲೆ, ಬಿರುಕಿಗೆ ಒತ್ತಿದ್ದ ಬೂದುಬಣ್ಣದ ಅಂಟಿನ ಕಡ್ಡಿಗಳ ಹೊದಿಕೆಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿಟ್ಟು, ‘ಐದು ಪೀಸ್ ಹೋಗಿದೆ ಸಾರ್, 9,000 ಆಯ್ತು’ ಎಂದ.

1,800 ಎಂದು ಒಪ್ಪಿಕೊಂಡಿದ್ದೆಯಲ್ಲ ಎಂದೆ. ‘ಅದು ಒಂದು ಪೀಸಿಗೆ ಸಾರ್. ಆಗ್ಲೇ ಹೇಳಿದ್ನಲ್ಲ, ಮೇಡಮ್ಮೂ ಕೇಳಿಸ್ಕೊಂಡ್ರಲ್ಲ.’ ಎಲ್ಲ ಸೇರಿ ಎಂದು ಅವನೇ ಹೇಳಿದ್ದನ್ನು ಜ್ಞಾಪಿಸಿದರೆ, ‘ಲೇಬರ್ ಸೇರಿ ಅಂದೆ ಸಾರ್, ಮೆಟೀರಿಯಲ್ ಹೆಂಗೆ ಸೇರುತ್ತೆ?’ ಎಂದು ನನ್ನನ್ನೇ ಕೇಳಿದ. ಕೆಲಸ ನಿಲ್ಲಿಸು ಎಂದರೆ, ‘ನಿಲ್ಲಿಸ್ತೀನಿ, ಹಿಂಗೇ ಓಡಿಸ್ಕೊಂಡು ಹೋಗಿ’ ಎಂದು ಕೈಒರೆಸಿಕೊಂಡ. ಆ ಹೊತ್ತಿಗೆ ಎಲ್ಲಿಂದಲೋ ಇನ್ನಿಬ್ಬರು ಬಂದು ಗೇಟಿನ ಪಕ್ಕ ನಿಂತಿದ್ದರು. ನೆರೆಯವರ ಮುಂದೆ ಅವನ ದನಿ ಏರುತ್ತಾ ಹೋಯಿತು, ಬಡವರ ಕೂಲಿಗೆ ನಾನೇ ಮೋಸ ಮಾಡುತ್ತಿದ್ದೇನೆ ಎನ್ನುವಂತೆ! ನಮ್ಮ ಮನೆ ಬಾಗಿಲಲ್ಲಿ, ನಮ್ಮ ಮನೆಯವರೆದುರಿಗೇ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದ್ದನ್ನು ಮಾತ್ರ ಇವತ್ತಿಗೂ ಮರೆಯಲಾಗುತ್ತಿಲ್ಲ. ಕೊನೆಗೆ 6,000 ರೂಪಾಯಿ ಕೊಡಬೇಕಾಯಿತು, ಅದೂ ನಗದು, ಏಕೆಂದರೆ ‘ಸ್ಕ್ಯಾನರ್ ವರ್ಕ್ ಆಗ್ತಿಲ್ಲ ಸಾರ್.’

ಹೋಗುವಾಗ, ಒಂದು ವಾರ ನೀರು ತಾಗಿಸಬೇಡಿ, ಬಿಸಿಲಲ್ಲಿ ನಿಲ್ಲಿಸಬೇಡಿ ಎಂದ. ಮುಂದೆ ಮಳೆ ಬಿದ್ದ ದಿನವೇ ಅಂಚಿನಲ್ಲಿ ಬಣ್ಣ ಉಬ್ಬಿತು, ಬೆರಳಿನಿಂದ ಎತ್ತಿದರೆ ಪುಟ್ಟಿಯೂ ಬಣ್ಣವೂ ಕಾವಲಿಯಿಂದ ದೋಸೆ ಏಳುವಂತೆ ಒಂದೇ ಹಾಳೆಯಾಗಿ ಎದ್ದುಬಂದವು. ಅಡಿಯಲ್ಲಿ ಬಿರುಕು ಇದ್ದ ಹಾಗೆಯೇ ಇತ್ತು. ಟಿಂಕರಿಂಗ್ ಕೆಲಸದ ಗ್ಯಾರೇಜಿನಲ್ಲಿ ಬಂಪರ್ ಬಿಚ್ಚಿಸಿದಾಗ ಒಳಮೈಯಲ್ಲಿ ಸಿಕ್ಕಿದ್ದು ಅಗಲವಾದ ಒಂದು ಟೇಪ್ ಮಾತ್ರ. ವೆಲ್ಡಿಂಗ್ ಎಂದದ್ದು ಅದನ್ನೇ.

ಅಲ್ಲಿನ ಪೇಂಟರ್ ಒಳಮೈಯಲ್ಲಿ ಅಚ್ಚೊತ್ತಿದ್ದ ಅಕ್ಷರಗಳನ್ನು ತೋರಿಸಿದರು. ಪಿಪಿ ಪ್ಲಸ್ ಇಪಿಡಿಎಂ ಎಂದಿತ್ತು, ಅಂದರೆ ರಬ್ಬರ್ ಬೆರೆಸಿದ ಪಾಲಿಪ್ರೊಪಿಲೀನ್. ಹೆಚ್ಚಿನ ಬಂಪರುಗಳು ಇದರವೇ. ಈ ಪ್ಲಾಸ್ಟಿಕ್ಕಿಗೆ ಎಪಾಕ್ಸಿಯಾಗಲಿ, ಸಾಮಾನ್ಯ ಅಂಟಾಗಲಿ, ತಗಡಿಗೆ ಹಾಕುವ ಪುಟ್ಟಿಯಾಗಲಿ ಸರಿಯಾಗಿ ಹಿಡಿಯುವುದಿಲ್ಲ. ಬಿರುಕಿನ ಉದ್ದಕ್ಕೂ ವಿ ಆಕಾರದಲ್ಲಿ ಕೊರೆದು, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿಗಾಳಿಯ ಗನ್ನಿನಿಂದ ಕರಗಿಸಿ ತುಂಬಬೇಕು, ಇಲ್ಲವೇ ಒಳಗಿನಿಂದ ಕಾಯಿಸಿದ ಸ್ಟೀಲ್ ಪಿನ್ನು ಹೊಡೆದು ಹಿಡಿಸಬೇಕು. ಆಮೇಲೆ ಪ್ಲಾಸ್ಟಿಕ್ಕಿಗೆಂದೇ ಇರುವ ಬಳುಕುವ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಪ್ರೈಮರ್, ಬಣ್ಣ, ಕೊನೆಗೆ ಬಣ್ಣ ಕಾಯುವ ಪಾರದರ್ಶಕ ಕ್ಲಿಯರ್ ಕೋಟ್. ಇದರಲ್ಲಿ ಬಣ್ಣವೊಂದನ್ನು ಬಿಟ್ಟರೆ ಬೇರೆ ಯಾವುದನ್ನೂ ಅವನು ಮಾಡಿರಲಿಲ್ಲ. ಸಾಲದ್ದಕ್ಕೆ ಪಾರ್ಕಿಂಗ್ ಸೆನ್ಸರಿನ ಮುಖಕ್ಕೇ ಪುಟ್ಟಿ ಮೆತ್ತಿದ್ದ, ರಿವರ್ಸ್ ಹಾಕಿದರೆ ಸಾಕು, ಹಿಂದೆ ಏನಿಲ್ಲದಿದ್ದರೂ ಬೀಪ್ ಎಂದು ಹೊಡೆದುಕೊಳ್ಳುತ್ತಿತ್ತು.

ಫೋನ್ ಮಾಡಿದರೆ ಮೊದಲ ಸಲ, ‘ನೀರು ಹಾಕಿದೀರ ಸಾರ್, ಅದಕ್ಕೇ.’ ಮಳೆ ಬಂತಪ್ಪ ಎಂದರೆ, ‘ಕವರ್ ಹಾಕ್ಬೇಕಿತ್ತು.’ ಮತ್ತೆ ಮಾಡಿದಾಗ, ‘ಗ್ಯಾರಂಟಿ ಅಂತ ನಾನು ಹೇಳಿದ್ನಾ?’ ಆಮೇಲೆ ನನ್ನ ನಂಬರೇ ಬ್ಲಾಕ್.

ಬಂಪರ್ ಕೆಲಸಕ್ಕೆ ಬಂದವನ ಕೈಯಲ್ಲಿ ಬಿಸಿಗಾಳಿಯ ಗನ್ನೂ ಪಿಪಿ ಕಡ್ಡಿಯೂ ಇಲ್ಲದಿದ್ದರೆ ಗೇಟಿನಿಂದಲೇ ಕಳುಹಿಸಿ. ಪೀಸು, ಇಂಚು, ಗ್ರಾಮು ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. ಸಾಮಾನು, ಕೂಲಿ, ಬಣ್ಣ ಸೇರಿ ಇಷ್ಟು ಎಂದು ಅವನ ಫೋನಿನಿಂದಲೇ ವಾಟ್ಸಾಪ್ ಸಂದೇಶ ಬರುವವರೆಗೆ ಉಪ್ಪು ಕಾಗದ ನಿಮ್ಮ ಬಂಪರಿಗೆ ತಾಗಕೂಡದು, ಏಕೆಂದರೆ ಬಣ್ಣ ಕೆರೆದ ಮೇಲೆ ಚೌಕಾಸಿ ಮಾಡಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬರೀ ತಗ್ಗಾಗಿ ಬಿರುಕು ಬಿಡದಿದ್ದರೆ ಬಿಸಿನೀರು ಹಾಕಿ ನೀವೇ ಒತ್ತಿಕೊಳ್ಳಬಹುದು, ಅದಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ. ಬಿರುಕು ಬಿಟ್ಟಿದ್ದರೆ ಬಂಪರ್ ಬಿಚ್ಚಿ ಒಳಮೈ ನೋಡುವ ಗ್ಯಾರೇಜಿಗೇ ಒಯ್ಯಿರಿ. ನನ್ನ ಬಂಪರ್ ಈಗ ಅಲ್ಲಿಯೇ ಇದೆ. ಬಿರುಕಿನ ವೆಲ್ಡಿಂಗಿಗಿಂತ, ಅವನು ಮೆತ್ತಿದ್ದನ್ನು ಕೆರೆದು ತೆಗೆದು ಪೂರ್ತಿ ಬಂಪರಿಗೆ ಹೊಸದಾಗಿ ಬಣ್ಣ ಹೊಡೆಯುವುದಕ್ಕೇ ಹೆಚ್ಚು ಖರ್ಚು ಎಂದು ಪೇಂಟರ್ ಹೇಳಿದ್ದಾರೆ.