ಲೋಹದ ರೋಬೋ ಕಿಟ್ ಕೊಳ್ಳುವವರು ತಗಡು ಕತ್ತರಿಸುವ ಮುನ್ನ ಗಮನಿಸಬೇಕಾದದ್ದು

ಆನ್‌ಲೈನ್ ಮಾರಾಟಗಾರರೊಬ್ಬರಿಂದ ತರಿಸಿದ ಲೋಹದ ರೋಬೋ ಮಾದರಿಯ ಕಿಟ್ ಒಂದು ಕಾರವಾರದ ನಮ್ಮ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗನ ರಜೆಯನ್ನು ಹಾಳುಮಾಡಿದ್ದಲ್ಲದೆ ಅವನ ಕಣ್ಣಿಗೂ ಅಪಾಯ ತಂದಿತ್ತು. ಅಂಥದೇ ಕಿಟ್‌ಗಳು ಈಗಲೂ ಮಕ್ಕಳ ಆಟಿಕೆಯ ಹೆಸರಿನಲ್ಲಿ ಮಾರಾಟವಾಗುತ್ತಿರುವುದರಿಂದ, ಮನೆಯ ಮಕ್ಕಳಿಗೆ ಉಡುಗೊರೆ ಕೊಡಲು ಯೋಚಿಸುತ್ತಿರುವವರು ಹಣ ಕಟ್ಟುವ ಮುನ್ನವೇ ಈ ವಿವರಗಳನ್ನು ತಿಳಿದಿರಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ಕಿಟ್ ಎಂದರೆ ಅಂಗೈ ಅಗಲದ ಕೆಲವು ತೆಳು ತಗಡುಗಳು. ಅವುಗಳಲ್ಲಿ ರೋಬೋವಿನ ಭಾಗಗಳೆಲ್ಲ ಸಣ್ಣ ಕೊಂಡಿಗಳಿಂದ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಒಂದೊಂದನ್ನೇ ನಿಪ್ಪರ್ ಎಂಬ ಕತ್ತರಿಸುವ ಸಣ್ಣ ಇಕ್ಕಳದಿಂದ ಬಿಡಿಸಿ, ಗೆರೆಯಿದ್ದಲ್ಲಿ ಮಡಚಿ, ಅಂಚಿನಲ್ಲಿ ನಾಲಿಗೆಯಂತೆ ಚಾಚಿಕೊಂಡಿರುವ ಟ್ಯಾಬನ್ನು ಎದುರು ಭಾಗದ ಸೀಳಿನೊಳಗೆ ತೂರಿಸಿ, ಚೂಪು ಮೂತಿಯ ಇಕ್ಕಳವಾದ ನೋಸ್ ಪ್ಲೈಯರ್‌ನಿಂದ ಕಾಲು ಸುತ್ತು ತಿರುಚಿದರೆ ಎರಡು ಭಾಗಗಳು ಕೂಡಿಕೊಳ್ಳುತ್ತವೆ. ಅಂಟು ಬೇಕಾಗಿಲ್ಲ, ಬೆಸುಗೆಯೂ ಬೇಕಾಗಿಲ್ಲ. ಒಳ್ಳೆಯ ತಯಾರಕರ ಕಿಟ್‌ನಲ್ಲಿ ಇದು ನಿಜಕ್ಕೂ ಮನಸ್ಸಿಗೆ ಹಿತ ನೀಡುವ ಕೆಲಸ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಿಂದೆ ಅಂಥ ಕಟ್ಟಡ ಮಾದರಿಯ ಕಿಟ್‌ಗಳನ್ನು ಜೋಡಿಸಿದ್ದೇನೆ. ಆದರೆ ಕಟ್ಟಡಕ್ಕೂ ರೋಬೋವಿಗೂ ಬಹಳ ವ್ಯತ್ಯಾಸವಿದೆ. ಕಟ್ಟಡದ ಗೋಡೆಗಳು ಚಪ್ಪಟೆಯಾಗಿದ್ದು ಬುಡ ಅಗಲವಾಗಿರುತ್ತದೆ. ರೋಬೋವಿನ ತೋಳು ತೊಡೆಗಳನ್ನು ಡ್ರಿಲ್ ಬಿಟ್‌ನ ಹಿಡಿ ಅಥವಾ ಪೆನ್ನಿನ ಮೇಲೆ ನಿಧಾನವಾಗಿ ಸುತ್ತಿ ದುಂಡಗೆ ಮಾಡಬೇಕು, ಎದೆಕವಚವನ್ನು ಪದರದ ಮೇಲೆ ಪದರವಾಗಿ ಕೂರಿಸಬೇಕು, ಕೊನೆಗೆ ಇಡೀ ಮೈಭಾರವನ್ನು ಎರಡು ಸಣ್ಣ ಕಣಕಾಲುಗಳು ಹೊರಬೇಕು.

ಈ ತಗಡುಗಳನ್ನು ಸಾಮಾನ್ಯವಾಗಿ ರಾಸಾಯನಿಕ ದ್ರಾವಣದಿಂದ ಕೊರೆದು ತಯಾರಿಸುತ್ತಾರೆ. ಉಳಿಯಬೇಕಾದ ಜಾಗಕ್ಕೆ ರಕ್ಷಕ ಲೇಪ ಹಚ್ಚಿ, ಉಳಿದುದನ್ನು ಫೆರಿಕ್ ಕ್ಲೋರೈಡ್‌ನಂಥ ದ್ರಾವಣದಿಂದ ಕರಗಿಸುತ್ತಾರೆ. ಭಾಗದ ಅಂಚನ್ನು ಎರಡೂ ಕಡೆಯಿಂದ ಕರಗಿಸಿದರೆ, ಮಡಚುವ ಗೆರೆಯನ್ನು ಒಂದೇ ಕಡೆಯಿಂದ ತಗಡಿನ ಸುಮಾರು ಅರ್ಧ ದಪ್ಪದವರೆಗೆ ಮಾತ್ರ ಕರಗಿಸುತ್ತಾರೆ. ನಮಗೆ ಬಂದ ಕಿಟ್ ಎಡವಿದ್ದು ಇಲ್ಲಿಯೇ. ಕೆಲವು ಗೆರೆಗಳು ಮೇಲೆ ಮೇಲೆ ಗೀಚಿದಂತಿದ್ದುದರಿಂದ ತಗಡು ಗೆರೆ ಬಿಟ್ಟು ಪಕ್ಕದಲ್ಲಿ ಬಾಗಿತು; ಇನ್ನು ಕೆಲವು ಎಷ್ಟು ಆಳವಾಗಿದ್ದವೆಂದರೆ ಮೊದಲ ಮಡಿಕೆಗೇ ಬಿರುಕು ಕಾಣಿಸಿತು. ಉಕ್ಕಿನ ತೆಳು ತಗಡನ್ನು ಬಾಗಿಸಿದಾಗ ಬಾಗಿದ ಜಾಗ ಗಡಸಾಗುತ್ತದೆ. ಅದನ್ನು ಬಿಡಿಸಿ ಮತ್ತೆ ಬಾಗಿಸಲು ಹೋದರೆ ಮುರಿಯುತ್ತದೆ. ಹೀಗಾಗಿ ಸೀಳುಗಳು ಬಿಗಿಯಾಗಿದ್ದ ಕಡೆಗಳಲ್ಲಿ ಟ್ಯಾಬನ್ನು ಹೊರತೆಗೆದು ಸರಿಪಡಿಸಲು ಅವಕಾಶವೇ ಇರಲಿಲ್ಲ. ಒಂದು ಹಸ್ತದ ಬೆರಳುಗಳು ಹಾಗೆಯೇ ಉದುರಿಹೋದವು.

ನಿಜವಾದ ಆಘಾತ ಕಾಲಿನ ಹಂತದಲ್ಲಿ ಕಾದಿತ್ತು. ಶಿರಸಿಯಿಂದ ರಜೆಗೆ ಬಂದಿದ್ದ ಅಕ್ಕನ ಮಗ ಎರಡು ಮೊಣಕಾಲ ಕವಚಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, "ಮಾವ, ಎರಡೂ ಬಲಗಾಲೇ ಇದ್ದು" ಎಂದ. ಅವನು ಹೇಳಿದ್ದು ಸರಿಯಾಗಿತ್ತು. ತಗಡಿನ ಮೇಲೆ ಬೇರೆ ಬೇರೆ ಸಂಖ್ಯೆಗಳಿದ್ದರೂ ಎರಡೂ ಒಂದೇ ಆಕೃತಿ. ಎಡಗಾಲಿನ ಪ್ರತಿಬಿಂಬ ಆಕೃತಿ ಎಲ್ಲಿಯೂ ಇರಲಿಲ್ಲ. ಕವಚದ ಕೆತ್ತನೆ ತಗಡಿನ ಒಂದೇ ಮುಖದಲ್ಲಿರುವುದರಿಂದ ಭಾಗವನ್ನು ಮಗುಚಿ ಬಳಸುವಂತೆಯೂ ಇಲ್ಲ. ಯಾರದೋ ಮೂಲ ವಿನ್ಯಾಸವನ್ನು ಅರ್ಥಮಾಡಿಕೊಳ್ಳದೆ ನಕಲು ಮಾಡಿದವರಿಂದ ಮಾತ್ರ ಇಂಥ ದೋಷ ನುಸುಳಲು ಸಾಧ್ಯವೆಂದು ನನ್ನ ಅಭಿಪ್ರಾಯ. ಮಬ್ಬಾಗಿ ಅಚ್ಚಾಗಿದ್ದ ಸೂಚನಾ ಚಿತ್ರಗಳೂ ಅದನ್ನೇ ಹೇಳುತ್ತಿದ್ದವು.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಕೊಂಡಿಗಳು ಅಗತ್ಯಕ್ಕಿಂತ ದಪ್ಪವಾಗಿದ್ದುದರಿಂದ ನಿಪ್ಪರ್‌ಗೆ ಬಲ ಕೊಟ್ಟೇ ಕತ್ತರಿಸಬೇಕಾಯಿತು. ಹಾಗೆ ಕತ್ತರಿಸಿದ ಚೂರೊಂದು ಸಿಡಿದು ಹುಡುಗನ ಕಣ್ಣಿನ ಕೆಳಗೆ ಕೆನ್ನೆಗೆ ಚುಚ್ಚಿತು. ಸ್ವಲ್ಪ ಮೇಲಕ್ಕೆ ಬಿದ್ದಿದ್ದರೆ ಏನಾಗುತ್ತಿತ್ತೆಂದು ನೆನೆಯಲೂ ಭಯವಾಗುತ್ತದೆ. ಪೆಟ್ಟಿಗೆಯ ಮೇಲೆ ಎಂಟು ವರ್ಷ ಮೇಲ್ಪಟ್ಟವರಿಗೆ ಎಂದು ದೊಡ್ಡದಾಗಿ ಮುದ್ರಿಸಲಾಗಿತ್ತು. ಕಣ್ಣಿಗೆ ರಕ್ಷಣೆ ಬೇಕೆಂಬ ಒಂದು ಸಾಲೂ ಇರಲಿಲ್ಲ. ಹೆಸರಾಂತ ತಯಾರಕರು ಇಂಥ ಕಿಟ್‌ಗಳನ್ನು 14 ವರ್ಷ ಮೇಲ್ಪಟ್ಟವರಿಗೆಂದು ಸೂಚಿಸುವುದಕ್ಕೆ ಕಾರಣ ಈ ಹರಿತವಾದ ಅಂಚುಗಳೇ.

ಕಡಲ ತೀರದ ನಮ್ಮಂಥವರಿಗೆ ಮತ್ತೊಂದು ತೊಂದರೆಯೂ ಇದೆ. ಮಾರಾಟದ ವಿವರಣೆಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಎಂದು ಬರೆದಿತ್ತು. ಆದರೆ ಮಳೆಗಾಲ ಶುರುವಾಗುತ್ತಿದ್ದಂತೆ ಕತ್ತರಿಸಿದ ಅಂಚುಗಳಲ್ಲೆಲ್ಲ ಕಂದು ತುಕ್ಕು ಕಾಣಿಸಿಕೊಂಡಿತು. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿರುವ ಕ್ರೋಮಿಯಂ ಕತ್ತರಿಸಿದ ಜಾಗದಲ್ಲಿಯೂ ತಾನಾಗಿ ರಕ್ಷಕ ಪದರವನ್ನು ಕಟ್ಟಿಕೊಳ್ಳುತ್ತದೆ. ಉಪ್ಪುಗಾಳಿಯಲ್ಲಿ ಅದಕ್ಕೂ ಕಾಲಕ್ರಮೇಣ ಕಲೆ ಬೀಳಬಹುದು, ಆದರೆ ಇಷ್ಟು ಬೇಗ ಅಂಚುಗಳನ್ನಷ್ಟೇ ಹುಡುಕಿಕೊಂಡು ತುಕ್ಕು ಹಿಡಿಯುವುದಿಲ್ಲ. ಹೊಳಪಿನ ಲೇಪ ಕೊಟ್ಟ ಸಾಧಾರಣ ಉಕ್ಕಿನಲ್ಲಿ ಮಾತ್ರ ಕತ್ತರಿಸಿದ ಕಡೆಯೆಲ್ಲ ಬರಿ ಕಬ್ಬಿಣ ಗಾಳಿಗೆ ತೆರೆದುಕೊಳ್ಳುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಭಟ್ಕಳದ ಕಡೆಯವರು ಸ್ಟೇನ್‌ಲೆಸ್ ಎಂಬ ಒಂದೇ ಮಾತನ್ನು ನಂಬಿ ಹಣ ಕೊಡಬಾರದು.

ಮಾರಾಟಗಾರರಿಗೆ ಎರಡು ಬಲಗಾಲುಗಳ ಫೋಟೋ ಕಳಿಸಿದಾಗ, ಭಾಗಗಳನ್ನು ತಗಡಿನಿಂದ ಬಿಡಿಸಿರುವುದರಿಂದ ವಾಪಸ್ ಪಡೆಯಲು ಆಗುವುದಿಲ್ಲ ಎಂಬ ಉತ್ತರ ಬಂದಿತು. ಬಿಡಿಸದೆ ಜೋಡಿಸಲಾಗದ ವಸ್ತುವಿಗೆ ಇಂಥ ನಿಯಮ ಹಾಕುವುದು ಅನ್ಯಾಯ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವುಳ್ಳ ಅಥವಾ ವಿವರಣೆಗೆ ಹೊಂದದ ವಸ್ತುವನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಅಲ್ಲದೆ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಎಂಟು ವರ್ಷದವರಿಗೆಂದು ಮಾರಿದ ಈ ಪೆಟ್ಟಿಗೆಯಲ್ಲಿ ಆ ಗುರುತೂ ಇರಲಿಲ್ಲ, ಆಮದುದಾರರ ಹೆಸರೂ ಇರಲಿಲ್ಲ.

ಆದ್ದರಿಂದ ಕಿಟ್ ಕೈಸೇರಿದಾಗ ಪೆಟ್ಟಿಗೆ ತೆರೆಯುವುದನ್ನು ವಿಡಿಯೋ ಮಾಡಿಕೊಳ್ಳಿ. ನಿಪ್ಪರ್ ಮುಟ್ಟುವ ಮೊದಲು ಸೂಚನಾ ಪತ್ರದ ಪ್ರತಿ ಸಂಖ್ಯೆಯೂ ತಗಡಿನಲ್ಲಿದೆಯೇ ಎಂದು ನೋಡಿ, ಎಡ ಬಲ ಭಾಗಗಳ ಸೀಳುಗಳು ಕನ್ನಡಿಯಲ್ಲಿ ಕಂಡಂತೆ ಪರಸ್ಪರ ತಿರುಗಿವೆಯೇ ಎಂದು ಪರೀಕ್ಷಿಸಿ. ಕೆಲಸಕ್ಕೆ ಕೂರುವಾಗ ಕಣ್ಣಿನ ರಕ್ಷಣೆಯ ಕನ್ನಡಕ ಧರಿಸಿ, ಕತ್ತರಿಸುವ ಕೊಂಡಿಯ ಮೇಲೆ ಬೆರಳಿಟ್ಟು ಚೂರು ಸಿಡಿಯದಂತೆ ತಡೆಯಿರಿ. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. ಸಿಟ್ಟಿನಲ್ಲಿ ತಗಡು, ಚೂರು, ಪೆಟ್ಟಿಗೆಗಳನ್ನು ಎಸೆಯಬೇಡಿ. ದೂರಿಗೆ ಅವೇ ಸಾಕ್ಷ್ಯ. ನಮ್ಮ ದೂರಿನ ಜೊತೆ ಆ ಎರಡು ಬಲಗಾಲುಗಳ ಫೋಟೋವನ್ನೂ ಪೆಟ್ಟಿಗೆಯ ಫೋಟೋವನ್ನೂ ಲಗತ್ತಿಸಿದ್ದೇವೆ.