ಕಪಾಟಿಗೆ ಚಾಕ್ ಪೇಂಟ್, ಮಣೆಗೆ ಹಾಲಿನ ಬಣ್ಣ: ಎರಡನ್ನೂ ಹಚ್ಚಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಸಾಗವಾನಿ ಕಪಾಟಿನ ಪಾಲಿಶ್ ಇನ್ನೂ ಚೆನ್ನಾಗಿದ್ದರೆ ಅದರ ಮೇಲೆ ಯಾವ ಪೇಂಟೂ ಬೇಡ. ಒರೆಸಿ ಇಡಿ, ಸಾಕು. ಈ ರಿವ್ಯೂ ಬರೆಯುತ್ತಿರುವುದು ಪಾಲಿಶ್ ಹೋಗಿ, ಗೀರು ಬಿದ್ದು, ಗುಜರಿಯವನು ಕೂಡ ಮುಖ ಸಿಂಡರಿಸುವಂಥ ಸಾಮಾನು ಮನೆಯಲ್ಲಿ ಇಟ್ಟುಕೊಂಡು, ಎಸೆಯಲೂ ಆಗದೆ ನೋಡಲೂ ಆಗದೆ ಕೂತಿರುವವರಿಗೆ.

ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಹಳೇ ಮನೆ. ಅತ್ತೆಯವರ ಕಾಲದ ಒಂದು ಕಪಾಟು, ಒಂದು ಟೀಪಾಯಿ, ಹಸಿರು ಎಣ್ಣೆ ಬಣ್ಣದ ಒಂದು ಸ್ಟೂಲು. ಜೊತೆಗೆ ಹೊಸದಾಗಿ ಮಾಡಿಸಿದ ಎರಡು ಮಣೆ, ಕೂರುವುದಕ್ಕೆ. ಏಪ್ರಿಲ್‌ನಲ್ಲಿ ಶುರು ಮಾಡಿದೆ. ಮುಗಿದದ್ದು ದಸರಾ ಹೊತ್ತಿಗೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಚಾಕ್ ಪೇಂಟ್ ಕೊಡಿ ಅಂದರೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಬ್ಲ್ಯಾಕ್‌ಬೋರ್ಡ್ ಪೇಂಟಿನ ಡಬ್ಬಿ ತೆಗೆದು ಕೈಗಿಟ್ಟರು. "ಸಾಲಿಗೇನ್ರಿ ಮೇಡಂ?" ಅಂತ ಬೇರೆ ಕೇಳಿದರು. ಅವರ ತಪ್ಪಲ್ಲ ಬಿಡಿ, ಹೆಸರೇ ಹಾಗಿದೆ. ಬೋರ್ಡಿನ ಪೇಂಟಿಗೂ ಇದಕ್ಕೂ ಸಂಬಂಧ ಇಲ್ಲ. ಇದು 1990ರಲ್ಲಿ ಇಂಗ್ಲೆಂಡಿನ ಆನಿ ಸ್ಲೋನ್ ಅನ್ನುವವರು ಮಾಡಿದ ನೀರಿನ ಬಣ್ಣ. ಚಾಕ್ ಪೇಂಟ್ ಅನ್ನುವ ಹೆಸರೂ ಅವರದೇ ಟ್ರೇಡ್‌ಮಾರ್ಕು. ಅದಕ್ಕೇ ಬೇರೆ ಕಂಪನಿಯವರು ಚಾಕ್ ಫಿನಿಶ್, ಚಾಕಿ ಪೇಂಟ್ ಅಂತೆಲ್ಲ ಬರೆದುಕೊಳ್ಳುತ್ತಾರೆ. ಒಂಚೂರೂ ಹೊಳಪಿಲ್ಲ, ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆ. ಹಳೇ ಪಾಲಿಶ್ ಕೆರೆಯದೆಯೇ ಹಿಡಿದುಕೊಳ್ಳುತ್ತದೆ ಅನ್ನುವುದೇ ಇದರ ದೊಡ್ಡ ಗುಣ.

ಹಾಲಿನ ಬಣ್ಣ ಅಂದರೆ ಮಿಲ್ಕ್ ಪೇಂಟ್. ಇದು ಬೇರೆಯದೇ ಜಾತಿ. ಹಾಲಿನಲ್ಲಿರುವ ಕೇಸಿನ್ ಅನ್ನುವ ಪ್ರೋಟೀನು, ಸುಣ್ಣ, ಬಣ್ಣದ ಮಣ್ಣು, ಇಷ್ಟೇ. ಪುಡಿಯಾಗಿ ಬರುತ್ತದೆ, ಒಂದು ಕಪ್ ಪುಡಿಗೆ ಒಂದು ಕಪ್ ನೀರು ಹಾಕಿ ಕಲಸಿಕೊಳ್ಳಬೇಕು. ಇಲ್ಲೊಂದು ಹುಷಾರು: ಡಬ್ಬಿಯಲ್ಲಿ ಕಲಸಿಟ್ಟೇ ಬರುವ ಕೆಲವು ಪೇಂಟಿನ ಮೇಲೂ ಮಿಲ್ಕ್ ಪೇಂಟ್ ಅಂತಲೇ ಇರುತ್ತದೆ. ಅಮೆರಿಕದ ಜನರಲ್ ಫಿನಿಶಸ್ ಕಂಪನಿಯದು ಹಾಗೆ, ಒಳಗಿರುವುದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಜಾತಿಯ ಬಣ್ಣ. ಕೆಟ್ಟದ್ದು ಅಂತಲ್ಲ, ಬೇರೆ ವಸ್ತು ಅಷ್ಟೇ. ಪಕ್ಕದ ಮನೆಯ ಅಕ್ಕ ಮಾತ್ರ "ಸಗಣಿ ಪೇಂಟ್ ಬಂದಿತ್ತಲ್ಲ, ಅದನ?" ಅಂತ ಮೂರು ಸಲ ಕೇಳಿದರು. ಅದಲ್ಲ. ಅದು 2021ರಲ್ಲಿ ಖಾದಿ ಆಯೋಗದವರು ತಂದ ಪ್ರಾಕೃತಿಕ ಪೇಂಟ್, ಗೋಡೆಗೆ.

ಸರಿ, ಕಪಾಟು. ಐದಡಿ ಎತ್ತರ, ಮೂರಡಿ ಅಗಲ. ಸೋಪಿನ ನೀರಲ್ಲಿ ಒರೆಸಿ ಒಣಗಿಸಿ, ಸಂಜೆ ಒಂದು ಕೋಟ್ ಕೆನೆಬಿಳಿ ಚಾಕ್ ಪೇಂಟ್ ಹಚ್ಚಿದೆ. ಎಷ್ಟು ಸಲೀಸು ಅಂದರೆ ನನಗೇ ಅನುಮಾನ ಬಂತು. ಬೆಳಗ್ಗೆ ಎದ್ದು ನೋಡಿದರೆ ಬಾಗಿಲ ತುಂಬಾ ಎಲೆ ಅಡಿಕೆ ಉಗುಳಿದ ಹಾಗೆ ಕೆಂಪು ಕಲೆ! ಮೇಲೆ ಇನ್ನೊಂದು ಕೋಟ್ ಹಚ್ಚಿದೆ, ಮತ್ತೆ ಬಂತು. ಮೂರನೆಯದಕ್ಕೆ ಬ್ರಷ್ ಎತ್ತುವಾಗ, ಮಣೆ ಕೊಡಲು ಬಂದ ಬಡಿಗ್ಯಾರ ಅಣ್ಣ ನೋಡಿ ನಕ್ಕರು. "ಅಕ್ಕಾರ, ಹತ್ತು ಕೋಟ್ ಹಚ್ಚಿದರೂ ಇದು ಹಿಂಗ ಬರತೈತಿ. ಒಳಗಿನ ಬಣ್ಣ ನೀರ ಕುಡದ ಮ್ಯಾಲೆ ಏಳಾಕತ್ತೈತಿ. ಮೊದಲ ಚಪಡಾ ಹೊಡೀರಿ."

ಚಪಡಾ ಅಂದರೆ ಅರಗಿನ ಚಕ್ಕೆ. ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿದರೆ ಪಾಲಿಶ್‌ನವರ ಹಳೇ ಪಾಲಿಶ್. ಹಳೇ ಸಾಮಾನಿನ ಕೆಂಪು ಬಣ್ಣ, ಕಟ್ಟಿಗೆಯೊಳಗಿನ ಒಗರು, ಎರಡೂ ನೀರಿಗೆ ಬಿಟ್ಟುಕೊಳ್ಳುತ್ತವೆ. ಚಾಕ್ ಪೇಂಟ್ ನೀರಿನದು. ಅರಗು ನೀರಿಗೆ ಜಗ್ಗುವುದಿಲ್ಲ, ಹಾಗಾಗಿ ನಡುವೆ ಅಡ್ಡಗೋಡೆ ಆಗುತ್ತದೆ. ಕರಗಿಸಿದ್ದನ್ನು ಒಂದು ದಿನ ಅಲುಗಾಡಿಸದೆ ಇಟ್ಟು, ತಳಕ್ಕೆ ಕೂತ ಮೇಣ ಬಿಟ್ಟು ಮೇಲಿನ ತಿಳಿ ಮಾತ್ರ ಬಳಸಿ. ಆ ಮೇಣ ಸೇರಿದರೆ ಮೇಲಿನ ಪೇಂಟ್ ಸರಿಯಾಗಿ ಹಿಡಿಯುವುದಿಲ್ಲ. ಎರಡು ಕೋಟ್ ಚಪಡಾ, ಅದರ ಮೇಲೆ ಎರಡು ಕೋಟ್ ಪೇಂಟ್. ಕಲೆ ಮತ್ತೆ ಬರಲಿಲ್ಲ. ಹಾಳು ಮಾಡಿಕೊಂಡದ್ದನ್ನು ಬಿಟ್ಟರೆ ಮುಂಭಾಗಕ್ಕೂ ಎರಡು ಬದಿಗೂ ಸೇರಿ ಅರ್ಧ ಲೀಟರ್ ಸರಿಹೋಯಿತು. ಬಿಳಿ, ಕೆನೆ, ತಿಳಿ ಗುಲಾಬಿ ಹಚ್ಚುವವರು ಈ ಹೆಜ್ಜೆ ಬಿಡಲೇಬೇಡಿ. ಗಾಢ ನೀಲಿ ಹಚ್ಚಿದರೆ ಕಲೆ ಕಂಡರೂ ಅಷ್ಟು ಎದ್ದು ಕಾಣುವುದಿಲ್ಲ.

ಈಗ ವ್ಯಾಕ್ಸ್ ವಿಷಯ. ಚಾಕ್ ಪೇಂಟ್ ಹಚ್ಚಿ ಹಾಗೇ ಬಿಟ್ಟರೆ ಒದ್ದೆ ಕೈ ತಾಗಿದರೂ ಕಲೆ. ಅದಕ್ಕೆ ಮೇಲೆ ಮೇಣದ ವ್ಯಾಕ್ಸ್ ತಿಕ್ಕಬೇಕು, ಹಳೇ ಬನಿಯನ್ ಬಟ್ಟೆಯಲ್ಲಿ, ತೀರಾ ತೆಳ್ಳಗೆ. ಕಪಾಟಿಗೆ ಇದು ಚಂದ. ಮುಟ್ಟಿದರೆ ರೇಷ್ಮೆ ಥರ. ಆದರೆ ನಾನು ಬುದ್ಧಿವಂತೆ ನೋಡಿ, ಟೀಪಾಯಿಗೂ ಅದನ್ನೇ ತಿಕ್ಕಿದೆ. ಮೊದಲ ಭಾನುವಾರವೇ ಬಿಸಿ ಚಹಾ ಕಪ್ಪಿನ ದುಂಡನೆಯ ಗುರುತು ಬಿತ್ತು. ಎರಡನೆಯ ವಾರ ಮಿರ್ಚಿ ತಿಂದ ಕೈ. ಮೂರನೆಯ ವಾರ ಯಾರೋ ಅವಲಕ್ಕಿ ಚೆಲ್ಲಿದರು, ಅರಿಶಿನದ ಹಳದಿ ಇಳಿದದ್ದು ಇಳಿದದ್ದೇ. ಈ ವ್ಯಾಕ್ಸ್ ಕಂಡುಹಿಡಿದವರ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ ಅನ್ನಿಸುತ್ತದೆ. ಟೇಬಲ್, ಟೀಪಾಯಿ, ಅಡುಗೆಮನೆಯ ಕಪಾಟಿನ ಬಾಗಿಲು, ಇವಕ್ಕೆಲ್ಲ ವ್ಯಾಕ್ಸ್ ಬೇಡ, ನೀರಿನ ಪಿಯು (ಪಾಲಿಯುರೆಥೇನ್) ವಾರ್ನಿಷ್, ಹೊಳಪಿಲ್ಲದ ಮ್ಯಾಟ್ ತನ್ನಿ. ಇದನ್ನು ಮೊದಲೇ ನಿರ್ಧಾರ ಮಾಡಬೇಕು, ಯಾಕೆಂದರೆ ವ್ಯಾಕ್ಸ್ ಮೇಲೆ ಪಿಯು ಹಿಡಿಯುವುದಿಲ್ಲ. ನಾನು ಟರ್ಪೆಂಟೈನ್ ಹಾಕಿ ವ್ಯಾಕ್ಸ್ ಒರೆಸಿ ತೆಗೆಯಲು ಎರಡು ಭಾನುವಾರ ಕಳೆದೆ. ಮನೆ ತುಂಬಾ ವಾಸನೆ, ನಮ್ಮನೆಯವರು ಊಟ ಹೊರಗಡೆ ಮಾಡಿ ಬಂದರು.

ವ್ಯಾಕ್ಸ್ ಗಟ್ಟಿಯಾಗಲು ಬೇಸಿಗೆಯಲ್ಲೇ ಎರಡು ಮೂರು ವಾರ ಬೇಕು. ಧಾರವಾಡದ ಜುಲೈ ಜಡಿಮಳೆಯಲ್ಲಿ ಒಣಗಿಸುತ್ತೇನೆ ಅನ್ನುವವರಿಗೆ ನನ್ನ ನಮಸ್ಕಾರ. ನನ್ನ ಕಪಾಟಿನ ಎರಡನೇ ಬಾಗಿಲು ಆಗಸ್ಟ್ ತನಕ ಬೆರಳಿಗೆ ಅಂಟುತ್ತಿತ್ತು. ಗದಗ ಕಡೆಯ ಒಣ ಹವೆಯವರಿಗೆ ಈ ಕಾಟ ಕಡಿಮೆ ಇರಬಹುದು. ನಮ್ಮ ಕಡೆಯವರು ಮಳೆ ನಿಂತ ಮೇಲೆ ಶುರು ಮಾಡಿ.

ಇನ್ನು ಹಾಲಿನ ಬಣ್ಣ. ನನಗೆ ನಿಜವಾಗಿ ಮನಸ್ಸು ಸೋತದ್ದು ಇದಕ್ಕೇ, ಆದರೆ ಹಸಿ ಕಟ್ಟಿಗೆಯ ಮೇಲೆ ಮಾತ್ರ. ಹಸಿ ಅಂದರೆ ಪಾಲಿಶ್, ಪೇಂಟ್ ಏನೂ ಕಾಣದ ಕಟ್ಟಿಗೆ. ಪರೀಕ್ಷೆ ಸುಲಭ: ಒಂದು ಹನಿ ನೀರು ಬಿಡಿ. ಕಟ್ಟಿಗೆ ಹೀರಿದರೆ ಹಚ್ಚಿ, ಹನಿ ಮುತ್ತಿನ ಹಾಗೆ ನಿಂತರೆ ಬೇಡ. ಮಣೆಗಳಿಗೆ ಹಚ್ಚಿದಾಗ ಬಣ್ಣ ಮೇಲೆ ಕೂರಲಿಲ್ಲ, ಒಳಗೆ ಇಳಿಯಿತು. ಕಟ್ಟಿಗೆಯ ಎಳೆ ಎಳೆ ಕಾಣುತ್ತದೆ, ಅಲ್ಲಲ್ಲಿ ತುಸು ಗಾಢ, ತುಸು ತಿಳಿ. ಡಬ್ಬಿ ಪೇಂಟಿನಲ್ಲಿ ಈ ಜೀವ ಬರುವುದಿಲ್ಲ. ಅರ್ಧ ಗಂಟೆಯಲ್ಲಿ ಒಣಗಿತು. ಒಣಗಿದಾಗ ಮಂಕಾಗಿ ಕಂಡು ಹೊಟ್ಟೆ ಉರಿಯಿತು, ಎಣ್ಣೆ ತಿಕ್ಕುತ್ತಿದ್ದಂತೆ ಬಣ್ಣ ಎದ್ದು ನಿಂತಿತು. ಎಣ್ಣೆ ಯಾವುದು ಗೊತ್ತಾ? ಲಿನ್‌ಸೀಡ್, ಅಂದರೆ ನಮ್ಮ ಅಗಸಿ ಎಣ್ಣೆ. ಆದರೆ ಗಾಣದ ಹಸಿ ಎಣ್ಣೆ ಹಚ್ಚಬೇಡಿ, ವಾರಗಟ್ಟಲೆ ಒಣಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಬಾಯ್ಲ್ಡ್ ಲಿನ್‌ಸೀಡ್ ತನ್ನಿ. ಅದು ಚಟ್ನಿಗಲ್ಲ, ಅಡುಗೆಮನೆಯಲ್ಲಿ ಇಡಲೂ ಬೇಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಕಾದು ಬೆಂಕಿ ಹತ್ತುತ್ತದೆ. ತಮಾಷೆ ಅಲ್ಲ. ಬಯಲಲ್ಲಿ ಹರಡಿ ಒಣಗಿಸಿ.

ಕಲಸುವಾಗ ಗಂಟು ಬೀಳುತ್ತದೆ, ನೊರೆ ಬರುತ್ತದೆ. ಬಟ್ಟೆಯಲ್ಲಿ ಸೋಸಿ ಹತ್ತು ನಿಮಿಷ ಬಿಡಿ. ಸುಣ್ಣ ಇದೆ, ಕೈಗೆ ಗ್ಲೋವ್ಸ್ ಇರಲಿ. ಅವತ್ತಿಗೆ ಬೇಕಾದಷ್ಟೇ ಕಲಸಿ. ಹಾಲಿನ ಸಾಮಾನಲ್ವಾ, ಉಳಿದದ್ದು ಕೆಡುತ್ತದೆ.

ಇದೇ ಉತ್ಸಾಹದಲ್ಲಿ ಸ್ಟೂಲಿಗೂ ಹಚ್ಚಿದೆ, ಹಸಿರು ಎಣ್ಣೆ ಬಣ್ಣದ ಮೇಲೇ. ಅಂಟಿಸುವ ಬಾಂಡಿಂಗ್ ದ್ರಾವಣ ಹಾಕದೆ. ಎರಡು ದಿನದಲ್ಲಿ ಹಪ್ಪಳದ ಹಾಗೆ ಎದ್ದು ಉದುರಿತು. ವಿದೇಶದಲ್ಲಿ ಹೀಗೆ ಉದುರಲಿ ಅಂತಲೇ ಹಚ್ಚುವವರಿದ್ದಾರೆ, ಹಳೇ ಕಾಲದ್ದು ಅನ್ನಿಸಲಿ ಅಂತ. ನಾನೂ ಹಾಗೇ ಸಮಜಾಯಿಷಿ ಕೊಟ್ಟೆ. ಅತ್ತೆ ಕನ್ನಡಕ ಏರಿಸಿ ನೋಡಿ, "ರೊಕ್ಕ ಕೊಟ್ಟು ಹಳೇದ್ ಮಾಡೀಯೇನವಾ? ಅದು ಮೊದಲ ಹಳೇದ ಇತ್ತಲ್ಲ" ಅಂದರು. ಉತ್ತರ ಇರಲಿಲ್ಲ. ಕೆರೆದು ತೆಗೆಯೋಣ ಅಂದುಕೊಂಡು ಸುಮ್ಮನಾದೆ. ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರುತ್ತಿತ್ತು, ಅದು ವಿಷ. ಅದಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಮಕ್ಕಳಿರುವ ಮನೆಯಲ್ಲಿ ಆ ಧೂಳು ಎಬ್ಬಿಸುವುದು ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಚಪಡಾ ಹೊಡೆದು, ಉಳಿದ ಚಾಕ್ ಪೇಂಟ್ ಹಚ್ಚಿದೆ. ಈಗ ಗಟ್ಟಿಯಾಗಿದೆ.

ಮನೆಯಲ್ಲೇ ಮಾಡಿಯೂ ನೋಡಿದೆ. ಕೆನೆ ತೆಗೆದ ಹಾಲು ಒಡೆಸಿ, ನೀರು ಬಸಿದು, ಎಲೆ ಅಡಿಕೆಯ ಸುಣ್ಣ ಹಾಕಿ ತಿರುವಿದರೆ ಗಿಣ್ಣಿನ ಥರ ಇದ್ದದ್ದು ಕರಗಿ ಅಂಟಂಟು ಲೋಳೆ ಆಗುತ್ತದೆ. ಅದಕ್ಕೆ ಕೆಮ್ಮಣ್ಣು ಕಲಸಿದೆ. ಒಂದು ಹಲಗೆಗೆ ಹಚ್ಚಿದ ಬಣ್ಣ ಸೊಗಸಾಗಿತ್ತು. ಮಳೆಗಾಲದಲ್ಲಿ ಅದರ ಮೇಲೆ ಬೂಷ್ಟು ಬಂತು. ಇನ್ನೊಮ್ಮೆ ಮಾಡುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ ಎರಡೂ ದುಬಾರಿ, ಸಾದಾ ಎನಾಮೆಲ್ ಮುಂದೆ ಎರಡು ಮೂರು ಪಟ್ಟು. ಮೇಲೆ ವ್ಯಾಕ್ಸ್, ಬ್ರಷ್, ಚಪಡಾ, ಕೊರಿಯರ್. ಚಾಕ್ ಪೇಂಟಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ, ಚಪಡಾ ವಿಷಯ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿದ್ದರೆ ನಾಲ್ಕು ಕೊಡುತ್ತಿದ್ದೆ. ಹಾಲಿನ ಬಣ್ಣಕ್ಕೆ ಹೊಸ ಕಟ್ಟಿಗೆಯಾದರೆ ನಾಲ್ಕೂವರೆ, ಹಳೇ ಪೇಂಟ್ ಇದ್ದ ಸಾಮಾನಾದರೆ ಒಂದು.

ಅರ್ಧ ಪ್ಯಾಕೆಟ್ ಪುಡಿ ಉಳಿದಿದೆ. ಗಾಳಿ, ತೇವ ತಾಗಿದರೆ ಕೆಲಸಕ್ಕೆ ಬರುವುದಿಲ್ಲ ಅಂತ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟಿದ್ದೇನೆ. ಅದರ ಮೇಲೆ ಅತ್ತೆ ಮೊಮ್ಮಗನ ಕೈಯಲ್ಲಿ ಚೀಟಿ ಬರೆಸಿ ಅಂಟಿಸಿದ್ದಾರೆ: "ಇದು ರಂಗೋಲಿ ಅಲ್ಲ, ಹಾರ್ಲಿಕ್ಸ್ ಅಂತೂ ಅಲ್ಲ."